ಪಿತ್ತಕೋಶದ ಕಲ್ಲು ಮತ್ತು ಕಣ್ಣಿನ ಭ್ರಮೆ

ಸಿಟ್ಟಿನಿಂದ ಕೂಗಾಡುವವನನ್ನು ಕಂಡರೆ 'ಅವನಿಗೆ ಪಿತ್ತ ನೆತ್ತಿಗೇರಿದೆ' ಎನ್ನುತ್ತೇವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಳದಿ ನೀರು ವಾಂತಿಯಾದರೆ ಪಿತ್ತ, ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೂ ಪಿತ್ತ. ಇಷ್ಟೆಲ್ಲ ಆಪಾದನೆ ಹೊತ್ತಿರುವ ಪಿತ್ತರಸ ನಿಜವಾಗಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನ್ ವರದಿ ಬಂದ ದಿನ ಮಾತ್ರ ಈ ಅಂಗದ ಬಗ್ಗೆ ಮನೆಮಂದಿಗೆಲ್ಲ ಒಮ್ಮೆಲೇ ಆಸಕ್ತಿ ಹುಟ್ಟುತ್ತದೆ.

ವರದಿ ಹಿಡಿದು ಬರುವವರ ಮೊದಲ ಪ್ರಶ್ನೆ 'ಡಾಕ್ಟ್ರೇ, ಬಾಳೆದಿಂಡಿನ ರಸ ಕುಡಿದರೆ ಕರಗುತ್ತದೆಯೇ?' ಎಂಬುದು. ಬಾಳೆದಿಂಡಿನ ಖ್ಯಾತಿ ಇರುವುದು ಮೂತ್ರಪಿಂಡದ ಕಲ್ಲಿನ ವಿಷಯದಲ್ಲಿ. ಅದು ಬೇರೆ ಅಂಗ, ಬೇರೆ ಕಲ್ಲು, ಬೇರೆ ದಾರಿ. ಮೂತ್ರಪಿಂಡದ ಸಣ್ಣ ಕಲ್ಲು ಹೆಚ್ಚು ನೀರು ಕುಡಿದಾಗ ಮೂತ್ರದ ಜೊತೆ ಹೊರಬೀಳಬಹುದು. ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಇಳಿದರೆ ಮಾತ್ರ ಅದು ಅಪಾಯದ ಸಂಗತಿ. ಒಂದು ಕಲ್ಲು 'ಬೀಳಲಿ' ಎಂದು ಹಾರೈಸುತ್ತೇವೆ, ಇನ್ನೊಂದು 'ಇದ್ದಲ್ಲೇ ಇರಲಿ' ಎಂದು.

ಕೆಲವು ಕೊಲೆಸ್ಟರಾಲ್ ಕಲ್ಲುಗಳನ್ನು ಅರ್ಸೋಡಿಆಕ್ಸಿಕೋಲಿಕ್ ಆಮ್ಲವೆಂಬ ಮಾತ್ರೆಯಿಂದ ಕರಗಿಸಬಹುದು, ನಿಜ. ಆದರೆ ಕಲ್ಲು ಸಣ್ಣದಿರಬೇಕು, ಪಿತ್ತಕೋಶ ಇನ್ನೂ ಕೆಲಸ ಮಾಡುತ್ತಿರಬೇಕು, ತಿಂಗಳುಗಟ್ಟಲೆ ನುಂಗಬೇಕು. ಇಷ್ಟಾಗಿಯೂ ಕರಗಿದವರಲ್ಲಿ ಸುಮಾರು ಅರ್ಧ ಮಂದಿಗೆ ಐದು ವರ್ಷಗಳೊಳಗೆ ಮತ್ತೆ ಕಲ್ಲಾಗುತ್ತದೆ. ನಮ್ಮ ದಕ್ಷಿಣದವರಲ್ಲಿ ಕಪ್ಪು, ಕಂದು ಬಣ್ಣದ ಕಲ್ಲುಗಳ ಪಾಲು ಉತ್ತರ ಭಾರತದವರಿಗಿಂತ ಹೆಚ್ಚು. ಅವುಗಳಿಗೆ ಈ ಮಾತ್ರೆ ನಾಟುವುದೇ ಇಲ್ಲ.

ಒಂದು ಪುಟ್ಟ ಭೂಪಟ

ಪಿತ್ತರಸ ಹುಟ್ಟುವುದು ಯಕೃತ್ತಿನಲ್ಲಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು. ಯಕೃತ್ತಿನ ಬಲಭಾಗದಿಂದ ಒಂದು, ಎಡಭಾಗದಿಂದ ಒಂದು ನಾಳ ಹೊರಟು, ಎರಡೂ ಸೇರಿ ಒಂದೇ ನಾಳವಾಗುತ್ತದೆ. ಯಕೃತ್ತಿನ ಕೆಳಮೈಗೆ ಅಂಟಿಕೊಂಡು, ಎಳೆಯ ಬದನೆಕಾಯಿಯ ಆಕಾರದಲ್ಲಿ ಪಿತ್ತಕೋಶ ಜೋತುಬಿದ್ದಿರುತ್ತದೆ. ಅದರೊಳಗೆ ಹಿಡಿಸುವುದು 30ರಿಂದ 50 ಮಿಲಿಲೀಟರ್ ಅಷ್ಟೆ. ಬದನೆಯ ತೊಟ್ಟಿನ ಜಾಗದಿಂದ ಒಂದು ಕಿರುನಾಳ ಹೊರಟು ದೊಡ್ಡ ನಾಳಕ್ಕೆ ಪಕ್ಕದಿಂದ ಸೇರುತ್ತದೆ. ಅಲ್ಲಿಂದ ಮುಂದೆ ಅದು ಮುಖ್ಯ ಪಿತ್ತನಾಳ. ಆರೇಳು ಮಿಲಿಮೀಟರ್ ಅಗಲದ ಈ ನಾಳ ಸಣ್ಣಕರುಳಿನ ಮೊದಲ ಭಾಗಕ್ಕೆ ತೆರೆದುಕೊಳ್ಳುತ್ತದೆ. ನಾವು ಎಣ್ಣೆ, ತುಪ್ಪ ತಿಂದಾಗ ಪಿತ್ತಕೋಶ ಹಿಂಡಿಕೊಂಡು ಕೂಡಿಟ್ಟ ಗಟ್ಟಿ ಪಿತ್ತರಸವನ್ನು ಕರುಳಿಗೆ ಕಳಿಸುತ್ತದೆ.

ಪಿತ್ತಕೋಶ ಇಲ್ಲದೆಯೂ ಬದುಕಬಹುದು. ಆಗ ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಹನಿಯುತ್ತಿರುತ್ತದೆ. ಮುಖ್ಯ ಪಿತ್ತನಾಳ ಇಲ್ಲದೆ ಬದುಕುವಂತಿಲ್ಲ. ಶಸ್ತ್ರವೈದ್ಯ ಕತ್ತರಿಸಬೇಕಾದದ್ದು ಕಿರುನಾಳವನ್ನು, ಮುಟ್ಟಬಾರದ್ದು ಮುಖ್ಯನಾಳವನ್ನು. ಎರಡರ ನಡುವಿನ ಅಂತರ ಕೆಲವೊಮ್ಮೆ ಒಂದು ಬೆರಳಿನಷ್ಟೂ ಇರುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಎರಡು ನಾಳಗಳ ಸುತ್ತಲೇ ಇದೆ.

ದೊಡ್ಡ ಕೊಯ್ತದಿಂದ ಸಣ್ಣ ತೂತಿಗೆ

ಪಿತ್ತಕೋಶವನ್ನು ಮೊದಲ ಬಾರಿಗೆ ಪೂರ್ತಿ ತೆಗೆದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರ ಜುಲೈ 15ರಂದು. ಅದಕ್ಕೆ ಮೊದಲು ಪಿತ್ತಕೋಶವನ್ನು ತೆರೆದು ಕಲ್ಲು ತೆಗೆದು ಬಿಟ್ಟುಬಿಡುತ್ತಿದ್ದರು. ಕಲ್ಲು ಮತ್ತೆ ಹುಟ್ಟುತ್ತಿತ್ತು. ಕಲ್ಲು ಹುಟ್ಟಿಸುವ ಚೀಲವನ್ನೇ ತೆಗೆಯಬೇಕೆಂಬುದು ಲಾಂಗೆನ್‌ಬುಖ್‌ನ ವಾದವಾಗಿತ್ತು. ಮುಂದಿನ ನೂರು ವರ್ಷ ಜಗತ್ತು ಇದೇ ದಾರಿಯಲ್ಲಿ ನಡೆಯಿತು. ಬಲ ಪಕ್ಕೆಲುಬಿನ ಕೆಳಗೆ ಗೇಣುದ್ದದ ಕೊಯ್ತ, ಆಸ್ಪತ್ರೆಯಲ್ಲಿ ವಾರದ ವಾಸ, ಮನೆಯಲ್ಲಿ ತಿಂಗಳ ವಿಶ್ರಾಂತಿ. ಹಳಬರ ಹೊಟ್ಟೆಯ ಮೇಲೆ ಆ ಓರೆ ಗಾಯದ ಗುರುತನ್ನು ಇಂದಿಗೂ ಕಾಣಬಹುದು.

1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಎಂಬ ಊರಿನಲ್ಲಿ ಎರಿಕ್ ಮ್ಯುಹೆ ಎಂಬ ಶಸ್ತ್ರವೈದ್ಯ ತಾನೇ ರೂಪಿಸಿದ ಕೊಳವೆಯೊಂದನ್ನು ಹೊಕ್ಕುಳ ಬಳಿ ತೂರಿಸಿ ಪಿತ್ತಕೋಶವನ್ನು ಹೊರತೆಗೆದ. ಮರುವರ್ಷ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಅದನ್ನು ವಿವರಿಸಿದಾಗ ಮೆಚ್ಚಿದವರಿಗಿಂತ ಮೂಗು ಮುರಿದವರೇ ಹೆಚ್ಚು. ಅವನ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪದಿಂದ ಅವನು ಮುಕ್ತನಾದದ್ದು 1990ರಲ್ಲಿ. 1992ರಲ್ಲಿ ಅದೇ ಜರ್ಮನ್ ಶಸ್ತ್ರವೈದ್ಯರ ಸಂಘ ಅವನನ್ನು ಗೌರವಿಸಿತು. ಅಷ್ಟರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಫಿಲಿಪ್ ಮೂರೆ 1987ರಲ್ಲಿ ಲ್ಯಾಪರೋಸ್ಕೋಪ್ ಮೂಲಕ ಇದನ್ನೇ ಮಾಡಿ, ಆ ವಿಧಾನ ಪ್ಯಾರಿಸ್, ಬೋರ್ಡೋ ದಾಟಿ ಅಮೆರಿಕಕ್ಕೂ ಹಬ್ಬಿತ್ತು. ನಮ್ಮ ದೇಶದಲ್ಲಿ ಮೊದಲು ಮಾಡಿದವರು ಮುಂಬಯಿಯ ಜೆ.ಜೆ. ಆಸ್ಪತ್ರೆಯ ಡಾ. ತೆಹಮ್ತನ್ ಉದ್ವಾಡಿಯಾ, 1990ರಲ್ಲಿ.

ರೋಗಿಗಳು ಈ ವಿಧಾನವನ್ನು ಎರಡೂ ಕೈಯಿಂದ ಬರಮಾಡಿಕೊಂಡರು. ಎರಡನೇ ದಿನ ಮನೆ, ವಾರದಲ್ಲಿ ಕೆಲಸ. ಯಾರು ಬೇಡವೆಂದಾರು? ಹತ್ತಿಪ್ಪತ್ತು ವರ್ಷ ತೆರೆದ ಶಸ್ತ್ರಚಿಕಿತ್ಸೆ ಮಾಡಿದ್ದ ವೈದ್ಯರು ಶನಿವಾರ ಭಾನುವಾರದ ತರಬೇತಿ ಮುಗಿಸಿ ಸೋಮವಾರ ಲ್ಯಾಪರೋಸ್ಕೋಪ್ ಹಿಡಿದ ಕಾಲವದು. ಬೆಲೆ ತೆರಬೇಕಾಗಿ ಬಂತು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುತ್ತಿದ್ದುದು ಸಾವಿರಕ್ಕೆ ಒಂದೆರಡು ಮಂದಿಗೆ. ಹೊಸ ವಿಧಾನದ ಆರಂಭದ ವರ್ಷಗಳಲ್ಲಿ ಅದು ಸಾವಿರಕ್ಕೆ ನಾಲ್ಕೈದಕ್ಕೆ ಏರಿತು.

ಕೈಯ ತಪ್ಪಲ್ಲ, ಕಣ್ಣಿನದು

ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾರೆನ್ಸ್ ವೇ ಎಂಬ ಶಸ್ತ್ರವೈದ್ಯರ ಹೆಸರನ್ನು ನನ್ನ ವಯಸ್ಸಿನ ವೈದ್ಯರು ಕಾಲೇಜು ಲೈಬ್ರರಿಯಲ್ಲಿ ಒಂದು ದಪ್ಪ ಪಠ್ಯಪುಸ್ತಕದ ಬೆನ್ನ ಮೇಲೆ ಓದಿರುತ್ತಾರೆ. ಆದರೆ ಅವರ ನಿಜವಾದ ಕಾಣಿಕೆ ಪಠ್ಯಪುಸ್ತಕವಲ್ಲ ಎಂಬುದು ನನ್ನ ಅಭಿಪ್ರಾಯ. ಹಾಳಾದ ಪಿತ್ತನಾಳಗಳನ್ನು ಸರಿಪಡಿಸಲು ಬೇರೆಡೆಯಿಂದ ಕಳಿಸುತ್ತಿದ್ದ ರೋಗಿಗಳನ್ನು ನೋಡುತ್ತ, ಅವರೂ ಅವರ ಸಹೋದ್ಯೋಗಿ ಲಿಜಿಯಾ ಸ್ಟೀವರ್ಟ್ ಅವರೂ 'ಈ ತಪ್ಪು ಹೇಗಾಯಿತು?' ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದರು.

2003ರಲ್ಲಿ ಅವರ ತಂಡ ಇಂಥ 252 ಪ್ರಕರಣಗಳ ಅಧ್ಯಯನವನ್ನು ಪ್ರಕಟಿಸಿತು. ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳು, ಎಕ್ಸ್‌ರೇಗಳು, ಜೊತೆಗೆ 22 ಪ್ರಕರಣಗಳ ವಿಡಿಯೋ ಟೇಪುಗಳನ್ನೂ ಕೂತು ನೋಡಿದರು. ಅಷ್ಟು ಮಂದಿಯಲ್ಲಿ ಕೈಚಳಕದ ಕೊರತೆಯಿಂದ ಆದ ಪೆಟ್ಟು ಶೇಕಡ 3 ಮಾತ್ರ. ಉಳಿದ ಶೇಕಡ 97ರಲ್ಲಿ ಮೂಲಕಾರಣ ಕಣ್ಣಿನ ಭ್ರಮೆ! ವೈದ್ಯರು ಎಡವಿ ಮುಖ್ಯನಾಳವನ್ನು ಕತ್ತರಿಸಿದ್ದಲ್ಲ. ಅದನ್ನು ಕಿರುನಾಳವೆಂದೇ ನಂಬಿ, ನಿಧಾನವಾಗಿ, ಅಚ್ಚುಕಟ್ಟಾಗಿ, ಉದ್ದೇಶಪೂರ್ವಕವಾಗಿ ಕತ್ತರಿಸಿದ್ದರು.

ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಬಹಳ ಹಿಂದೆಯೇ ಹೇಳಿದ್ದಾರೆ. ಹಾವನ್ನು ಕಂಡವನ ಕಣ್ಣಿನಲ್ಲಿ ದೋಷವಿಲ್ಲ, ಅವನು ಸುಳ್ಳನೂ ಅಲ್ಲ. ಅರ್ಧ ಕಂಡದ್ದನ್ನು ಮಿದುಳು ತನ್ನ ಹಳೆಯ ಅನುಭವದಿಂದ ತುಂಬಿಕೊಂಡಿದೆ, ಅಷ್ಟೆ. ಲ್ಯಾಪರೋಸ್ಕೋಪ್‌ನ ಪರದೆಯ ಮೇಲೂ ಹೀಗೆಯೇ. ಚಿತ್ರಕ್ಕೆ ಆಳವಿಲ್ಲ, ಬೆರಳಿಟ್ಟು ಮುಟ್ಟಿ ನೋಡುವಂತಿಲ್ಲ. ಪಿತ್ತಕೋಶವನ್ನು ಇಕ್ಕಳದಿಂದ ಹಿಡಿದು ಎಳೆದಾಗ ಕಿರುನಾಳವೂ ಮುಖ್ಯನಾಳವೂ ಒಂದೇ ಗೆರೆಗೆ ಬರುತ್ತವೆ. ಉರಿಯೂತದಿಂದ ಊದಿದ ಪಿತ್ತಕೋಶದ ಕುತ್ತಿಗೆ ಕಿರುನಾಳವನ್ನು ಮರೆಮಾಡಿದರೆ, ಕಣ್ಣಿಗೆ ಬೀಳುವ ಕೊಳವೆ ಮುಖ್ಯನಾಳ. 'ಇದೇ ಕಿರುನಾಳ' ಎಂದು ಮಿದುಳು ಒಮ್ಮೆ ತೀರ್ಮಾನಿಸಿತೆಂದರೆ ಮುಗಿಯಿತು. ಆಮೇಲೆ ಎಲ್ಲಿಂದಲೋ ಪಿತ್ತರಸ ಒಸರಿದರೂ, ಇರಬಾರದ ಇನ್ನೊಂದು ನಾಳ ಕಂಡರೂ 'ಈ ರೋಗಿಯ ರಚನೆಯೇ ವಿಚಿತ್ರ' ಎಂದು ಸಮಾಧಾನ ಮಾಡಿಕೊಳ್ಳುತ್ತದೆ. 252ರಲ್ಲಿ ಪೆಟ್ಟು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಗೊತ್ತಾದದ್ದು 64 ಮಂದಿಯಲ್ಲಿ, ಅಂದರೆ ನಾಲ್ಕರಲ್ಲಿ ಒಂದು ಪಾಲು. ಉಳಿದವರನ್ನು ಹೊಲಿದು, ಚೆನ್ನಾಗಿ ಆಯಿತೆಂದು ಹೇಳಿ, ವಾರ್ಡಿಗೆ ಕಳಿಸಲಾಗಿತ್ತು.

ಭ್ರಮೆಗೆ 'ಹುಷಾರಾಗಿರಿ' ಎಂಬ ಉಪದೇಶ ಮದ್ದಲ್ಲ. ಹುಷಾರಾಗಿದ್ದವರಿಗೇ ಭ್ರಮೆಯಾಗಿದೆ. ದೀಪ ತಂದು ನೋಡುವ ನಿಯಮ ಬೇಕು. ಅಂಥ ನಿಯಮವನ್ನು ಕೊಟ್ಟವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟೀವನ್ ಸ್ಟ್ರಾಸ್‌ಬರ್ಗ್. 1995ರ ತಮ್ಮ ಲೇಖನದಲ್ಲಿ ಅವರು 'ಸುರಕ್ಷತೆಯ ನಿರ್ಣಾಯಕ ನೋಟ' ಎಂಬ ಹೆಸರಿನಲ್ಲಿ ಅದನ್ನು ವಿವರಿಸಿದರು. ಪಿತ್ತಕೋಶ, ಯಕೃತ್ತು, ನಾಳಗಳ ನಡುವಿನ ತ್ರಿಕೋನದಲ್ಲಿರುವ ಕೊಬ್ಬು ಮತ್ತು ನಾರನ್ನೆಲ್ಲ ಬಿಡಿಸಬೇಕು; ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು; ಆಗ ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ, ಎಂದು ಕಾಣಬೇಕು. ಕಂಡರೆ ಕತ್ತರಿ. ಕಾಣದಿದ್ದರೆ ಕತ್ತರಿ ಇಲ್ಲ. ಮೇಜಿನ ಮೇಲೆಯೇ ನಾಳಕ್ಕೆ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯುವ ವಿಧಾನವೂ ಉಂಟು. ಅರ್ಜೆಂಟೀನಾದ ಪಾಬ್ಲೊ ಮಿರಿಜ್ಜಿ ಅದನ್ನು 1931ರಲ್ಲೇ ಮಾಡಿ ತೋರಿಸಿದ್ದ.

ನಿರ್ಣಾಯಕ ನೋಟ ಸಿಗದಷ್ಟು ಎಲ್ಲವೂ ಅಂಟಿಕೊಂಡಿದ್ದರೆ ವೈದ್ಯ ಹೊಟ್ಟೆ ತೆರೆಯಬಹುದು, ಪಿತ್ತಕೋಶದ ಬಹುಭಾಗ ತೆಗೆದು ಅಪಾಯದ ತುದಿಯನ್ನು ಬಿಡಬಹುದು, ಅಥವಾ ಕೆಲಸ ನಿಲ್ಲಿಸಿ ಇನ್ನೊಬ್ಬ ಅನುಭವಿಯನ್ನು ಕರೆಯಬಹುದು. ಇದರಲ್ಲಿ ಯಾವುದೂ ಸೋಲಲ್ಲ. ಆದರೆ ನಮ್ಮಲ್ಲಿ ರೋಗಿಯ ಕಡೆಯವರು 'ಸಣ್ಣ ತೂತು ಅಂದಿರಿ, ದೊಡ್ಡ ಕೊಯ್ತ ಮಾಡಿದಿರಿ' ಎಂದು ಜಗಳಕ್ಕೆ ನಿಲ್ಲುವುದನ್ನು ಕಂಡಿದ್ದೇನೆ. ಆ ಜಗಳದ ಹೆದರಿಕೆ ವೈದ್ಯನ ಕೈಯನ್ನು ತಪ್ಪು ದಾರಿಗೆ ತಳ್ಳಬಹುದು. ಶಸ್ತ್ರಚಿಕಿತ್ಸೆಗೆ ಮೊದಲೇ ನೀವು 'ಕಷ್ಟವೆನಿಸಿದರೆ ತೆರೆಯಿರಿ, ನಮ್ಮ ಅಭ್ಯಂತರವಿಲ್ಲ' ಎಂದು ಹೇಳಿಬಿಡಿ. ಎಷ್ಟು ತೂತು, ಎಷ್ಟು ಹೊಲಿಗೆ ಎಂದು ಕೇಳುವುದಕ್ಕಿಂತ, ನೋಟ ಸರಿಯಾಗಿ ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ.

ಮನೆಗೆ ಬಂದ ಮೇಲೆ

ನಾಳದ ಪೆಟ್ಟು ಮುಕ್ಕಾಲು ಪಾಲು ನಂತರ ಗೊತ್ತಾಗುತ್ತದೆ ಎಂದ ಮೇಲೆ, ಅದನ್ನು ಮೊದಲು ಗುರುತಿಸುವ ಅವಕಾಶ ಮನೆಯವರಿಗೇ ಇದೆ. ಈ ಶಸ್ತ್ರಚಿಕಿತ್ಸೆಯಾದವರು ದಿನದಿಂದ ದಿನಕ್ಕೆ ಚೇತರಿಸಿಕೊಳ್ಳಬೇಕು. ಮೊದಲ ದಿನಕ್ಕಿಂತ ಮೂರನೇ ದಿನ ನೋವು ಕಡಿಮೆ, ಹಸಿವು ಹೆಚ್ಚು ಇರಬೇಕು. ಇದಕ್ಕೆ ವಿರುದ್ಧವಾಗಿ ನೋವು ಏರುತ್ತಿದ್ದರೆ, ಹೊಟ್ಟೆ ಉಬ್ಬಿ ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಲ ಬಿಳಿಚಿದರೆ, ಅಥವಾ ಹೊಟ್ಟೆಯಿಂದ ಹೊರಬಿಟ್ಟ ಕೊಳವೆಯಲ್ಲಿ ಹಸಿರು ಹಳದಿ ದ್ರವ ಬರುತ್ತಿದ್ದರೆ 'ಗ್ಯಾಸ್ ಇರಬೇಕು' ಎಂದು ಜೀರಿಗೆ ಕಷಾಯ ಕುಡಿಸುತ್ತ ಕೂರಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಆಗಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಗೃಹಿಣಿಯೊಬ್ಬರನ್ನು ಅವರ ಮಗ ಶಸ್ತ್ರಚಿಕಿತ್ಸೆಯ ಐದನೇ ದಿನ ನನ್ನಲ್ಲಿಗೆ ಕರೆತಂದ. 'ಅಮ್ಮನಿಗೆ ಸುಸ್ತು, ಡ್ರಿಪ್ ಹಾಕಿ ಡಾಕ್ಟ್ರೇ' ಎಂದ. ಆಕೆಯ ಕಣ್ಣಿನ ಬಿಳಿ ಹಳದಿಯಾಗಿತ್ತು, ಹೊಟ್ಟೆ ಬಿಗಿದಿತ್ತು. ಶಸ್ತ್ರಚಿಕಿತ್ಸೆ ಮಾಡಿದವರು ಮತ್ತೆ ಒಳಗೆ ನೋಡುವುದಾಗಿ ಹೇಳಿದ್ದರಂತೆ. ಅವರಿಗೆ ನಾನೇ ಫೋನ್ ಮಾಡಿ ಮಾತಾಡಿದೆ. ಪುಣ್ಯಕ್ಕೆ ಅವರೂ ಒಪ್ಪಿ, ಯಕೃತ್ತು ಮತ್ತು ಪಿತ್ತನಾಳಗಳ ಶಸ್ತ್ರಚಿಕಿತ್ಸೆಯನ್ನೇ ಮಾಡುವ ತಂಡವಿದ್ದ ಬೆಂಗಳೂರಿನ ಆಸ್ಪತ್ರೆಗೆ ಆ ರಾತ್ರಿಯೇ ಕಳಿಸಿಕೊಟ್ಟರು. ಅಲ್ಲಿ ಮೊದಲು ಸೋರಿದ ಪಿತ್ತರಸವನ್ನು ಹೊರತೆಗೆದು, ಸೋಂಕು ಇಳಿಯಲು ಕಾದು, ನಂತರ ಕರುಳಿನ ಒಂದು ಕುಣಿಕೆಯನ್ನು ಮೇಲೆತ್ತಿ ಯಕೃತ್ತಿನ ನಾಳಕ್ಕೆ ಜೋಡಿಸಿದರು. ಮೂರ್ನಾಲ್ಕು ತಿಂಗಳ ಪಡಿಪಾಟಲು. ಈಗ ಆಕೆ ಆರೋಗ್ಯವಾಗಿದ್ದಾರೆ.

ಅಂದು ನಾನು ಹಟ ಹಿಡಿದದ್ದಕ್ಕೆ ಕಾರಣ ವೇ ಮತ್ತು ಸ್ಟೀವರ್ಟ್ ಅವರ 1995ರ ಇನ್ನೊಂದು ಅಧ್ಯಯನ. ಪೆಟ್ಟು ಮಾಡಿದ ವೈದ್ಯರೇ ನಾಳವನ್ನು ಸರಿಪಡಿಸಲು ಹೋದಾಗ ಯಶಸ್ವಿಯಾದದ್ದು ಶೇಕಡ 17 ಮಾತ್ರ. ಅದೇ ಕೆಲಸದಲ್ಲಿ ನುರಿತ ತಜ್ಞರು ಮಾಡಿದಾಗ ಶೇಕಡ 94. ಇಷ್ಟು ದೊಡ್ಡ ಅಂತರ ವೈದ್ಯಶಾಸ್ತ್ರದಲ್ಲಿ ಅಪರೂಪ. ತನ್ನ ಕೈಯಿಂದಾದದ್ದನ್ನು ತಾನೇ ಸರಿಪಡಿಸಬೇಕೆನ್ನುವುದು ಮನುಷ್ಯ ಸಹಜ, ಅದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಆದರೂ ನಾಳಕ್ಕೆ ಪೆಟ್ಟಾಗಿದೆ ಎಂದು ತಿಳಿದಾಗ ಮನೆಯವರು ಕೇಳಬೇಕಾದ ಮೊದಲ ಮಾತು 'ಇದನ್ನೇ ಮಾಡುವ ತಜ್ಞರು ಎಲ್ಲಿದ್ದಾರೆ?' ಎಂಬುದು.

ಎಲ್ಲ ಕಲ್ಲಿಗೂ ಕತ್ತರಿ ಬೇಕೆ?

ಬೇಡ. ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡ, ಎಂದೂ ತೊಂದರೆ ಕೊಡದ ಕಲ್ಲನ್ನು ಹೆಚ್ಚಿನವರಲ್ಲಿ ಹಾಗೆಯೇ ಬಿಡಬಹುದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ 123 ಮಂದಿ ಬೋಧಕರಲ್ಲಿ ಇಂಥ ಮೌನ ಕಲ್ಲುಗಳು ಸಿಕ್ಕಿದ್ದವು. 1982ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಹದಿನೈದು ವರ್ಷಗಳಲ್ಲಿ ನೋವು ಕಾಣಿಸಿಕೊಂಡದ್ದು ನೂರಕ್ಕೆ ಸುಮಾರು 18 ಮಂದಿಗೆ. ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಕಲ್ಲಿನ ಜೊತೆ ಪಿತ್ತಕೋಶದಲ್ಲಿ ಗಂಟು, ರಕ್ತಕಣಗಳು ಒಡೆಯುವ ಕಾಯಿಲೆ, ಇಂಥವರ ಮಾತು ಬೇರೆ.

ಆದರೆ ನೋವು ಒಮ್ಮೆ ಬಂದರೆ ಮತ್ತೆ ಬರುವ ಸಂಭವ ಹೆಚ್ಚು. ಆ ನೋವನ್ನು ಹೊಟ್ಟೆ ಉಬ್ಬರ, ಹುಳಿತೇಗಿನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದು ಹೊಟ್ಟೆಯ ಮೇಲ್ಭಾಗದ ನಡುವೆ ಅಥವಾ ಬಲಕ್ಕೆ ಹುಟ್ಟುತ್ತದೆ, ಬೆನ್ನಿಗೋ ಬಲಹೆಗಲಿಗೋ ಹರಿಯುತ್ತದೆ, ಅರ್ಧಗಂಟೆಗೂ ಮೀರಿ ಕೆಲವು ಗಂಟೆ ಇರುತ್ತದೆ. ಮದುವೆ ಊಟ ಮಾಡಿದ ರಾತ್ರಿ ಎಬ್ಬಿಸುವುದು ಇದರ ಸ್ವಭಾವ. ಹುಳಿತೇಗಿಗೆಂದು ಪಿತ್ತಕೋಶ ತೆಗೆಸಿದವರ ಹುಳಿತೇಗು ಶಸ್ತ್ರಚಿಕಿತ್ಸೆಯ ನಂತರವೂ ಹಾಗೆಯೇ ಇರುತ್ತದೆ. ಪಿತ್ತಕೋಶಕ್ಕೆ ಉರಿಯೂತವಾಗಿ ಜ್ವರ ಬಂದಿದ್ದರೆ, 'ಆರು ವಾರ ತಣ್ಣಗಾಗಲಿ' ಎಂಬ ಹಳೆಯ ಪದ್ಧತಿಗಿಂತ ಬೇಗ ಶಸ್ತ್ರಚಿಕಿತ್ಸೆ ಮಾಡುವುದೇ ಮೇಲು. 2013ರಲ್ಲಿ ಜರ್ಮನಿಯಿಂದ ಪ್ರಕಟವಾದ 618 ರೋಗಿಗಳ ಪ್ರಯೋಗದಲ್ಲಿ, ದಾಖಲಾದ 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ತೊಡಕು ಶೇಕಡ 12ರಷ್ಟಿದ್ದರೆ, ಕಾದವರಲ್ಲಿ ಶೇಕಡ 34ರಷ್ಟಿತ್ತು.

ತೂಕ ಇಳಿಸುವವರಿಗೆ

ಬೊಜ್ಜಿದ್ದವರಿಗೆ ಪಿತ್ತಕೋಶದ ಕಲ್ಲು ಹೆಚ್ಚು ಎಂಬುದು ಹಳೆಯ ಮಾತು. ಬೊಜ್ಜನ್ನು ಬೇಗ ಇಳಿಸಿದರೂ ಕಲ್ಲಾಗುತ್ತದೆ ಎಂಬುದು ಹಲವರಿಗೆ ಆಶ್ಚರ್ಯ. ಕೊಬ್ಬು ಕರಗುವಾಗ ಅದರಲ್ಲಿದ್ದ ಕೊಲೆಸ್ಟರಾಲ್ ಪಿತ್ತರಸಕ್ಕೆ ಬಂದು ಸೇರುತ್ತದೆ. ಊಟದಲ್ಲಿ ಜಿಡ್ಡಿಲ್ಲದ ಕಾರಣ ಪಿತ್ತಕೋಶ ಹಿಂಡಿಕೊಳ್ಳದೆ ಸುಮ್ಮನಿರುತ್ತದೆ. ನಿಂತ ನೀರು ಕೆನೆಗಟ್ಟಿದಂತೆ, ನಿಂತ ಪಿತ್ತರಸ ಕಲ್ಲುಗಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಯುವ ಉಪವಾಸದ ಪಥ್ಯಗಳನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ವಿಷಯದಲ್ಲೂ, 2022ರಲ್ಲಿ 76 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಪಿತ್ತಕೋಶದ ತೊಂದರೆ ಸ್ವಲ್ಪ ಹೆಚ್ಚೆಂದು ಕಂಡಿದೆ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಇದು ಇನ್ನೂ ಮುಖ್ಯ. ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರದ ಬೈಪಾಸ್ ಆರಂಭಿಸಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗಾಗುವುದನ್ನು ನೋಡಿ ಹೊಳೆದ ಉಪಾಯವದು. ಅಮೆರಿಕದ ಮತ್ತೊಬ್ಬ ಶಸ್ತ್ರವೈದ್ಯ ಹಾರ್ವೆ ಶುಗರ್‌ಮನ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೈಪಾಸ್ ನಂತರ ಬರಿಯ ಸಕ್ಕರೆಗುಳಿಗೆಯಂಥ ಮಾತ್ರೆ ತಿಂದವರಲ್ಲಿ ಆರು ತಿಂಗಳಿಗೆ ಶೇಕಡ 32 ಮಂದಿಗೆ ಕಲ್ಲಾಯಿತು. ದಿನಕ್ಕೆ 600 ಮಿಲಿಗ್ರಾಂ ಅರ್ಸೋಡಿಆಕ್ಸಿಕೋಲಿಕ್ ಆಮ್ಲ ತಿಂದವರಲ್ಲಿ ಶೇಕಡ 2. ಕಲ್ಲಾದ ಮೇಲೆ ಕರಗಿಸಲು ಅಷ್ಟೇನೂ ಬಾರದ ಅದೇ ಮಾತ್ರೆ, ಆಗದಂತೆ ತಡೆಯಲು ಇಷ್ಟು ಸಮರ್ಥ. ಶಸ್ತ್ರಚಿಕಿತ್ಸೆಯಾದವರು ಹಣ ಉಳಿಸಲೆಂದು ಎರಡೇ ತಿಂಗಳಿಗೆ ಇದನ್ನು ನಿಲ್ಲಿಸಿ ಬರುತ್ತಾರೆ. ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿ.

ಬೈಪಾಸ್ ಆದವರು ನೆನಪಿಡಬೇಕಾದ್ದು ಇನ್ನೂ ಒಂದಿದೆ. ಸಾಮಾನ್ಯರಲ್ಲಿ ಕಲ್ಲು ಮುಖ್ಯನಾಳಕ್ಕೆ ಜಾರಿದರೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿಯನ್ನು ಬಿಡಿಸಿ ತೆಗೆಯುತ್ತಾರೆ. 1974ರಿಂದ ಈ ಸೌಕರ್ಯವಿದೆ. ಬೈಪಾಸ್ ಆದವರಲ್ಲಿ ಜಠರದಿಂದ ಆ ಜಾಗಕ್ಕೆ ಹೋಗುವ ಹಳೆಯ ದಾರಿಯೇ ಮುಚ್ಚಿರುತ್ತದೆ, ಮಾಮೂಲಿ ಎಂಡೋಸ್ಕೋಪ್ ಅಲ್ಲಿಗೆ ಮುಟ್ಟುವುದಿಲ್ಲ. ಬೇರೆ ವಿಧಾನಗಳಿವೆ, ಅವು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ. ಆದ್ದರಿಂದ ಬೈಪಾಸಿಗೆ ಮೊದಲೇ ನಿಮಗೆ ಕಲ್ಲಿನ ನೋವು ಬಂದಿದ್ದರೆ ಅದನ್ನು ಶಸ್ತ್ರವೈದ್ಯರಿಗೆ ಹೇಳಿ. ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಕಾಗದದ ಒಂದು ಪ್ರತಿಯನ್ನು ಮನೆಯವರ ಕೈಯಲ್ಲೂ ಇಟ್ಟಿರಿ. ಮುಂದೆ ಎಂದಾದರೂ ಹೊಟ್ಟೆನೋವು, ಕಾಮಾಲೆ ಎಂದು ಬೇರೆ ಊರಿನ ಆಸ್ಪತ್ರೆ ಸೇರಿದರೆ, ಅದನ್ನು ಮೊದಲು ನೋಡುವ ಡ್ಯೂಟಿ ಡಾಕ್ಟರಿಗೆ ತೋರಿಸಲಿ.